ಕರು ಹೊತ್ತವನ ಹೆಜ್ಜೆ

ಶಿವಬಸವ ನಗರದಲ್ಲಿ ನಾನು ಕಾವಲಿರುವ ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಬೆಳಗ್ಗೆ ಆರೂವರೆಗೆ ಫರಸಿ ಕಲ್ಲಿನ ನೆಲ ಒರೆಸುತ್ತಾರೆ. ಅದು ಒಣಗುವವರೆಗಿನ ಕಾಲು ತಾಸು ನನಗೆ ದಿನದ ಅತ್ಯಂತ ಕೆಟ್ಟ ಹೊತ್ತು. ಒದ್ದೆ ಫರಸಿಯ ಮೇಲೆ ಯಾರು ನಡೆದು ಹೋದರು, ಎಷ್ಟು ಅವಸರದಲ್ಲಿದ್ದರು, ಕೈಯಲ್ಲಿ ಏನಿತ್ತು ಎಂಬುದೆಲ್ಲ ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಮೂರನೇ ಮಹಡಿಯ ವಕೀಲರು ಎಡಗಾಲನ್ನು ತುಸು ಎಳೆದು ಹಾಕುತ್ತಾರೆ; ಅವರಿಗೇ ಇನ್ನೂ ಗೊತ್ತಿಲ್ಲ, ವರ್ಷದೊಳಗೆ ಸೊಂಟ ಹಿಡಿಯುತ್ತದೆ. ಎರಡನೇ ಮಹಡಿಯ ಅಕ್ಕನವರು ಪೂಜೆಗೆ ಹೂ ಕೀಳಲು ಬರಿಗಾಲಲ್ಲಿ ಇಳಿಯುತ್ತಾರೆ. ಹೋಗುವಾಗ ಹಗುರ, ಬರುವಾಗ ಬಲಗಡೆ ಚೂರು ಭಾರ, ಬುಟ್ಟಿ ಆ ಕೈಯಲ್ಲಿ. ನೋಡುವುದೇ ಬೇಡ, ಕಣ್ಣು ಮುಚ್ಚಿಕೊಳ್ಳೋಣ ಎಂದರೆ, ಕಣ್ಣು ಮುಚ್ಚಿ ಕೂತ ಕಾವಲುಗಾರನಿಗೆ ಯಾರು ಸಂಬಳ ಕೊಡುತ್ತಾರೆ?

ಕಳೆದ ವರ್ಷ ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಇಲ್ಲಿನ ಸೆಕ್ರೆಟರಿ ಸಾಹೇಬರು ನನ್ನ ಕ್ಯಾಬಿನ್ನಿಗೆ ಬಂದು, ನೀವು ಮಿಲ್ಟ್ರಿಯವರು, ಕಾಡಿನಲ್ಲಿ ಹೆಜ್ಜೆ ನೋಡಿ ಮಂದಿ ಹಿಡಿಯುತ್ತಿದ್ದಿರಂತೆ, ಈ ಚಪ್ಪಲಿ ಕಳ್ಳನನ್ನು ಹಿಡಿದು ಕೊಡಿ ನೋಡೋಣ ಎಂದು ನಕ್ಕರು. ಕಳ್ಳ ಯಾರೆಂದು ನನಗೆ ಮೂರು ದಿನ ಮೊದಲೇ ಗೊತ್ತಿತ್ತು. ಗೊತ್ತಾಗಲಿಲ್ರೀ ಎಂದೆ. ಅವರು ತಲೆ ಅಲ್ಲಾಡಿಸಿ ಹೋದರು. ಆ ಒಂದು ಮಾತನ್ನು ನಾನು ಎಷ್ಟು ಸಲೀಸಾಗಿ ಹೇಳುತ್ತೇನೆಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅದೇ ಬಾಯಿಗೆ ಬರುತ್ತದೆ.

ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ, ನನ್ನದನ್ನೂ. ಹದಿನಾಲ್ಕು ವರ್ಷ ನಂಬರಿನಿಂದ ಕರೆಸಿಕೊಂಡವನಿಗೆ ಅದೇನು ದೊಡ್ಡ ಕಷ್ಟವಲ್ಲ.

ನಾವು ಕಾಡಿನ ಗೌಳಿಗಳು. ಎಮ್ಮೆ ಕಾಯುವವರು. ಖಾನಾಪುರ ತಾಲೂಕಿನ ಪಡುವಣ ಕಾಡಿನಲ್ಲಿ, ಜಾಂಬೋಟಿಯ ಆಚೆ ಬಸ್ಸಿಳಿದು ಇನ್ನೂ ಒಂದೂವರೆ ತಾಸು ನಡೆದರೆ ಸಿಗುವ ಎಂಟು ಮನೆಗಳ ವಾಡೆ ನಮ್ಮದು. ಮನೆಯ ಮಾತು ಮರಾಠಿ ಬೆರೆತದ್ದು, ಸಾಲಿ ಕಲಿತದ್ದು ಕನ್ನಡದಲ್ಲಿ, ಬೈಸಿಕೊಂಡದ್ದು ಹಿಂದಿಯಲ್ಲಿ. ಬರೆಯಲು ಬರುವುದು ಕನ್ನಡವೊಂದೇ, ಹಾಗಾಗಿ ಅಪ್ಪ ಅವ್ವನ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ.

ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಎಂದು ಊರ ಮಂದಿ ಅನ್ನುತ್ತಾರಲ್ಲ, ಆ ಗಾದೆ ಕಟ್ಟಿದ ಪುಣ್ಯಾತ್ಮ ಜನ್ಮದಲ್ಲಿ ಎಮ್ಮೆ ಸಾಕಿದವನಲ್ಲ. ನಮ್ಮ ಎಮ್ಮೆಗಳಿಗೆ ಒಬ್ಬೊಬ್ಬರ ದನಿ ಗೊತ್ತು. ಸಂಜೆ ಹೊತ್ತು ಪ್ರತಿ ಮನೆಯವರೂ ಗುಡ್ಡದ ಅಂಚಿಗೆ ನಿಂತು ತಮ್ಮದೇ ಒಂದು ಕೂಗು ಹಾಕುತ್ತಾರೆ. ನಲವತ್ತು ಎಮ್ಮೆ ಕಲೆತು ಮೇಯುತ್ತಿದ್ದರೂ ಆ ಮನೆಯವಷ್ಟೇ ಕಿವಿ ತಿರುಗಿಸಿ ಹೊರಡುತ್ತವೆ. ಅಪ್ಪ ನನಗೆ ಮೊದಲು ಕಲಿಸಿದ್ದು ಆ ಕೂಗು, ಆಮೇಲೆ ಹೆಜ್ಜೆ. ಕೂಗಿಗೆ ಬಾರದ ಎಮ್ಮೆಯನ್ನು ಹೆಜ್ಜೆ ಹಿಡಿದು ಹುಡುಕಬೇಕು. ಗೊರಸಿನ ಅಂಚು ಒಡೆದಿದೆಯೇ, ಒಳಗೆ ನೀರು ಜಿನುಗಿದೆಯೇ, ಹುಲ್ಲು ಬಾಗಿದ್ದು ಮತ್ತೆ ನಿಂತಿದೆಯೇ. ಹತ್ತು ವರ್ಷಕ್ಕೆ ನಾನು ಎಮ್ಮೆಯದಷ್ಟೇ ಅಲ್ಲ, ವಾಡೆಯ ಅಷ್ಟೂ ಮಂದಿಯ ಹೆಜ್ಜೆ ಓದುತ್ತಿದ್ದೆ. ಅವ್ವ ಬೆಲ್ಲದ ಡಬ್ಬಿ ಎಲ್ಲಿ ಬಚ್ಚಿಟ್ಟಳೆಂದು ಅವಳ ಹೆಜ್ಜೆ ನೋಡಿಯೇ ಕಂಡುಹಿಡಿದು ಪೆಟ್ಟು ತಿಂದಿದ್ದೇನೆ.

ಈಯಲು ಬಂದ ಎಮ್ಮೆ ಕೆಲವು ಸಲ ಗುಂಪು ಬಿಟ್ಟು ಕಾಡಿನೊಳಗೆ ಹೋಗಿ ಅವಿತು ಈಯುತ್ತದೆ. ಅದನ್ನು ಹುಡುಕಿ ಕರುವನ್ನು ಹೆಗಲ ಮೇಲೆ ಅಡ್ಡ ಹಾಕಿಕೊಂಡು, ಮುಂಗಾಲೆರಡು ಒಂದು ಕೈಯಲ್ಲಿ, ಹಿಂಗಾಲೆರಡು ಇನ್ನೊಂದು ಕೈಯಲ್ಲಿ ಎದೆಯ ಮುಂದೆ ಬಿಗಿಯಾಗಿ ಹಿಡಿದು ಮನೆಗೆ ತರಬೇಕು. ನಮ್ಮಲ್ಲಿ ಒಂದು ಕಟ್ಟಳೆ ಇದೆ: ಹೆಗಲಿಗೆ ಹಾಕಿದ ಕರುವನ್ನು ಮನೆಯ ಹೊಸ್ತಿಲ ತನಕ ನೆಲಕ್ಕೆ ಇಳಿಸುವಂತಿಲ್ಲ. ದಣಿದರೆ ಇನ್ನೊಬ್ಬರ ಹೆಗಲಿಗೆ ದಾಟಿಸಬೇಕು. ಇಳಿಸಿದರೆ ಆ ಕರು ಬಾಳುವುದಿಲ್ಲ ಎಂದು ಹಿರಿಯರ ನಂಬಿಕೆ. ಹೊತ್ತು ತಂದವನ ಕಾಲಿಗೆ ಮನೆಯ ಹೆಂಗಸು ಹೊಸ್ತಿಲಲ್ಲಿ ನೀರು ಹಾಕುತ್ತಾಳೆ. ನಾನು ಮೊದಲ ಸಲ ಹೊತ್ತಾಗ ಹದಿನಾಲ್ಕು ವರ್ಷ. ಅವ್ವ ನನ್ನ ಕಾಲಿಗೆ ನೀರು ಹಾಕಿದಾಗ ನಾಚಿಕೆಯಿಂದ ಎತ್ತ ನೋಡಬೇಕೋ ತಿಳಿಯಲಿಲ್ಲ.

ಬೆಳಗಾವಿಯಲ್ಲಿ ಭರ್ತಿ ನಡೆದಾಗ ಓಡಿದೆ, ಆಯ್ಕೆಯಾದೆ. ಯಾವ ದಳ, ಯಾವ ರಾಜ್ಯ ಎಂದೆಲ್ಲ ಬರೆಯಲಾರೆ. ನಮ್ಮಲ್ಲಿ ಯಾವ ಖಾಕಿ, ಯಾವ ಹಸಿರು ಅಂಗಿಯಾದರೂ ಮಿಲ್ಟ್ರಿಯೇ. ಅಪ್ಪನಿಗೆ ಹೆಮ್ಮೆಯೂ ಇತ್ತು, ಅದಕ್ಕಿಂತ ಹೆಚ್ಚಿಗೆ ಒಂದು ಆಸೆ ಇತ್ತು: ಮಗ ಸರ್ಕಾರದ ಅಂಗಿ ತೊಟ್ಟರೆ ಕಾಡಿನ ಗಾರ್ಡುಗಳು ನಮ್ಮ ಎಮ್ಮೆಗಳನ್ನು ಅಟ್ಟುವುದು ಕಡಿಮೆಯಾದೀತು. ಪಾಪ, ಹಾಗೇನೂ ಆಗಲಿಲ್ಲ.

ತರಬೇತಿಯಲ್ಲಿ ನಿನಗೇನು ಬರುತ್ತದೆ ಎಂದು ಕೇಳಿದರು. ಬಾಯಿ ಸುಮ್ಮನಿರಲಿಲ್ಲ. ಈ ಮೈದಾನದ ಮೇಲೆ ಮುಂಜಾನೆಯಿಂದ ಎಷ್ಟು ಮಂದಿ ಹಾದಿದ್ದಾರೆ ಹೇಳುತ್ತೇನೆ ಎಂದೆ. ನಕ್ಕರು, ಪರೀಕ್ಷೆ ಮಾಡಿದರು, ನಗು ನಿಲ್ಲಿಸಿದರು. ಅಂದಿನಿಂದ ನಾನು ಖೋಜಿ, ಎಂದರೆ ಜಾಡು ಹುಡುಕುವವನು. ದೂರದ ಒಂದು ಕಾಡಿಗೆ ಹಾಕಿದರು. ಅಲ್ಲಿಯೂ ನಮ್ಮಂಥದೇ ಮಂದಿ. ಹುಲ್ಲು ಹೊದಿಸಿದ ಮನೆ, ಎಮ್ಮೆ, ಕಂಬಳಿ, ಒಡೆದ ಹಿಮ್ಮಡ. ಅವರೊಳಗೆ ಬಂದೂಕು ಹಿಡಿದವರೂ ಇದ್ದರು, ಅದು ಸುಳ್ಳಲ್ಲ; ನನ್ನ ಜೊತೆ ಉಂಡವರು ಇಬ್ಬರು ಅಲ್ಲೇ ಮಣ್ಣಾದರು. ಆದರೆ ನಮ್ಮ ತುಕಡಿಯವರು ಅಲ್ಲಿನ ಅಷ್ಟೂ ಮಂದಿಗೆ ಒಂದೇ ಮಾತು ಇಟ್ಟಿದ್ದರು: ಜಂಗ್ಲಿ. ನನಗೂ ಅದೇ ಮಾತು. ಏ ಜಂಗ್ಲಿ, ಇತ್ತ ಬಾ, ಈ ಜಂಗ್ಲಿಗಳು ಎತ್ತ ಹೋದರು ನೋಡು ಎನ್ನುವರು. ನಾನು ಓಡಿ ಹೋಗಿ ನೋಡುತ್ತಿದ್ದೆ.

ನಮ್ಮ ತುಕಡಿಯಲ್ಲಿ ವಾಸನೆ ಹಿಡಿಯುವ ಒಂದು ನಾಯಿ ಇತ್ತು. ನಾಯಿಗೆ ಹೆಸರಿತ್ತು, ದರ್ಜೆ ಇತ್ತು, ಬಿಸಿಲು ಏರಿದರೆ ವಿಶ್ರಾಂತಿ ಇತ್ತು. ನನಗೆ ನಂಬರಿತ್ತು. ಜಾಡು ಸಿಕ್ಕ ದಿನ ಸಾಹೇಬರು ಬೆನ್ನು ತಟ್ಟಿ ಬಿಸ್ಕೀಟು ಕೊಡುತ್ತಿದ್ದರು, ನಾಯಿಗೂ ಅದೇ ಪೊಟ್ಟಣದಿಂದ ಎರಡು. ನಾನು ತಿಂದೆ. ಖರೇ ಹೇಳಬೇಕೆಂದರೆ ಖುಷಿಯಿಂದ ತಿಂದೆ. ನಾಯಿಗೆ ವಯಸ್ಸಾದಾಗ ಕೊರಳಿಗೆ ಹಾರ ಹಾಕಿ ಜೀಪಿನಲ್ಲಿ ಕೂಡಿಸಿ ಬೀಳ್ಕೊಟ್ಟರು. ನಾನೂ ಚಪ್ಪಾಳೆ ತಟ್ಟಿದೆ. ನಾಯಿಯ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ, ಅದೊಂದೇ ನನ್ನ ಮುಖ ನೋಡುತ್ತಿತ್ತು.

ಎರಡು ವರ್ಷದಲ್ಲಿ ನಾನೂ ಮುಖ ನೋಡುವುದನ್ನು ಬಿಟ್ಟೆ. ಎದುರು ಬಂದವರ ಕಾಲು ನೋಡುವುದು, ಎಷ್ಟು ಭಾರ, ಎಷ್ಟು ಹೊತ್ತಿನ ಹಿಂದೆ, ಎತ್ತ ಕಡೆ, ಅಷ್ಟೇ. ಒಬ್ಬ ಮುದುಕಿ ಹೆಸರು ಹೇಳಿಕೊಂಡು ಅತ್ತರೂ ನನಗೆ ಕಂಡದ್ದು ಅವಳ ಬಲಗಾಲಿನ ಕಿರುಬೆರಳು ಇಲ್ಲ ಎಂಬುದು ಮಾತ್ರ. ನಾಳೆ ಗುರುತು ಹಿಡಿಯಲು ಅನುಕೂಲ ಎಂದುಕೊಂಡೆ.

ಈಗ ಹೇಳುವುದನ್ನು ಬಹಳ ವರ್ಷ ನಾನು ಒಬ್ಬಳಿಗೇ ಹೇಳಿದ್ದೆ, ಹೆಂಡತಿಗೆ. ಅವಳಿಗೆ ಹೇಳಿದ ಹಾಗೆಯೇ ಮೊದಲು ಬರೆಯುತ್ತೇನೆ.

ನಮ್ಮ ಮಗಳು ಹುಟ್ಟಿ ಎರಡು ತಿಂಗಳಾಗಿತ್ತು. ಮೂರು ಸಲ ರಜೆ ಕೇಳಿದ್ದೆ, ಮೂರು ಸಲವೂ ಇಲ್ಲ ಅಂದಿದ್ದರು. ಇಪ್ಪತ್ತು ದಿನದಿಂದ ಕಾಡು ಅಲೆಯುತ್ತಿದ್ದೆವು, ಏನೂ ಸಿಕ್ಕಿರಲಿಲ್ಲ. ಮೇಲಿನವರು ಸಾಹೇಬರನ್ನು ಬೈಯುವರು, ಸಾಹೇಬರು ನನ್ನನ್ನು. ಒಂದು ದಿನ ಹೊತ್ತು ಮೂಡಿದ ಮೇಲೆ ತೊರೆಯೊಂದರ ದಂಡೆಯ ಕೆಸರಿನಲ್ಲಿ ಗಂಡಸಿನ ಹೆಜ್ಜೆ ಸಿಕ್ಕಿತು. ಬರಿಗಾಲು. ಹೆಜ್ಜೆ ಗಿಡ್ಡ, ಹಿಮ್ಮಡ ಆಳಕ್ಕೆ ಇಳಿದಿತ್ತು, ಬೆರಳು ಅಗಲಕ್ಕೆ ಹರಡಿದ್ದವು. ಏನಾದರೂ ಹೊತ್ತಿದ್ದಾನೆಯೇ ಎಂದು ಸಾಹೇಬರು ಕೇಳಿದರು. ಹೌದು ಸಾಹೇಬ್, ಭಾರ ಇದೆ ಎಂದೆ. ಎಷ್ಟು ಹೊತ್ತಾಯಿತು? ಕಾಲು ತಾಸು. ಅಷ್ಟೇ ನಾನು ಹೇಳಿದ್ದು.

ಬಿದಿರು ಮೆಳೆಯ ಹತ್ತಿರ ಅವನ ಬೆನ್ನು ಕಂಡಿತು. ಹೆಗಲ ಮೇಲೆ ಏನೋ ಕರ್ರಗೆ, ಮೇಲೆ ಕಂಬಳಿ ಹೊದಿಸಿದ್ದು. ಇಳಿಸು, ಕೈ ಎತ್ತು ಎಂದು ಕೂಗಿದರು. ಅವನು ನಿಂತ, ತಿರುಗಿದ. ಇಳಿಸಲಿಲ್ಲ. ಕೈ ಎತ್ತಲಿಲ್ಲ. ಎರಡೂ ಕೈ ಎದೆಯ ಮುಂದೆ ಬಿಗಿದೇ ಇದ್ದವು. ಮತ್ತೊಮ್ಮೆ ಕೂಗಿದರು. ಅವನು ಏನೋ ಹೇಳುತ್ತಿದ್ದ. ಗುಂಡು ಹಾರಿತು.

ಬಿದ್ದವನ ಹೆಗಲಿಂದ ಜಾರಿದ್ದು ಅಂದೇ ಹುಟ್ಟಿದ ಎಮ್ಮೆಯ ಕರು. ಅದಕ್ಕೂ ತಗುಲಿತ್ತು.

ಅವನು ಅಪ್ಪನ ವಯಸ್ಸಿನವನು. ಅಂಗಾಲು ನೋಡಿದೆ, ಅಪ್ಪನದೇ ಅಂಗಾಲು. ಫೋಟೋ ತೆಗೆದರು. ಅದಕ್ಕೂ ಮೊದಲು ಕರುವನ್ನು ಎಳೆದು ಬಾಜೂಕ ಹಾಕಿದರು. ನನ್ನನ್ನೂ ನಿಲ್ಲಿಸಿದರು, ನಿಂತೆ. ಮೂರನೇ ದಿನ ನನ್ನ ರಜೆ ಮಂಜೂರಾಯಿತು.

ಇದು ಹೆಂಡತಿಗೆ ಹೇಳಿದ್ದು. ಭಾರ ಇದೆ ಅಂತ ಗೊತ್ತಾಯಿತು, ಏನು ಭಾರ ಅಂತ ಗೊತ್ತಾಗಲಿಲ್ಲ ಎಂದೆ. ಅವಳು ನನ್ನ ಕೈ ಹಿಡಿದುಕೊಂಡು ಹೇಳಿದಳು: "ತಿಳೀಲಾರದ ಆದದ್ದು ಪಾಪ ಅಲ್ರಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ."

ಅಲ್ಲಿಂದ ಸುರುವಾಯಿತು ನನ್ನ ಸೆರೆ. ಮಾಡಿದ ತಪ್ಪಿಗೆ ಬೈದಿದ್ದರೆ ಹೇಗೋ ಬದುಕುತ್ತಿದ್ದೆ. ಅವಳು ಕ್ಷಮಿಸಿದ್ದು ನಾನು ಮಾಡದೇ ಇದ್ದ ಇನ್ನೊಂದು ತಪ್ಪನ್ನು. ಹಿಂದೆ ಸರಿಯುವಂತಿಲ್ಲ, ಮುಂದೆ ಹೇಳುವಂತಿಲ್ಲ. ತಾಯೆಮ್ಮೆಯ ಸಂಗತಿಯನ್ನು ನಾನು ಅವಳಿಗೆ ಹೇಳಲೇ ಇಲ್ಲ. ಅವಳೂ ಗೌಳಿವಾಡೆಯಲ್ಲಿ ಹುಟ್ಟಿದ ಹೆಣ್ಣು. ಹೇಳಿದ್ದರೆ ಮರುಕ್ಷಣವೇ ಒಂದು ಪ್ರಶ್ನೆ ಕೇಳುತ್ತಿದ್ದಳು.

ತಾಯೆಮ್ಮೆ ಇತ್ತು. ಗುಂಡಿನ ಸಪ್ಪಳಕ್ಕೆ ಬೆದರಿ ಮೆಳೆಯೊಳಗೆ ನುಗ್ಗಿದ್ದು, ಎಲ್ಲ ತಣ್ಣಗಾದ ಮೇಲೆ ಹೊರಬಂದು ಕರುವನ್ನು ನೆಕ್ಕತೊಡಗಿತು. ನೆಕ್ಕಿ ನೆಕ್ಕಿ ಮೂತಿಯಿಂದ ಎಬ್ಬಿಸಲು ನೋಡುತ್ತಿತ್ತು. ನಮ್ಮವರು ಕಲ್ಲು ಒಗೆದರೂ ಕದಲಲಿಲ್ಲ. ಏ ಜಂಗ್ಲಿ, ನಿನ್ನ ಬಳಗ ಇದು, ಓಡಿಸು ಎಂದು ಯಾರೋ ಅಂದರು, ಉಳಿದವರು ನಕ್ಕರು. ನನಗೆ ಏನು ತಿಳಿಯಿತೋ, ಸ್ವಲ್ಪ ದೂರ ಹೋಗಿ ನಮ್ಮ ಮನೆಯ ಕೂಗು ಹಾಕಿದೆ. ಎಲ್ಲಿಯ ಎಮ್ಮೆ, ಎಲ್ಲಿಯ ಕೂಗು. ಆದರೂ ಅದು ಕಿವಿ ತಿರುಗಿಸಿತು. ಕರುವನ್ನು ಬಿಟ್ಟು ನಡೆದು ಬಂದು ನನ್ನ ಎದುರಿಗೆ ನಿಂತು ನನ್ನ ಕೈ ಮೂಸಿತು. ಅಂದಿನಿಂದ ನನ್ನ ಗಂಟಲಿನಿಂದ ಆ ಕೂಗು ಹೊರಟಿಲ್ಲ.

ಆ ರಜೆಯಲ್ಲಿ ಮಗಳನ್ನು ಮೊದಲ ಸಲ ನೋಡಿದೆ. ಎತ್ತಿಕೊಂಡೆ, ಮುದ್ದಿಸಿದೆ, ಹೆಗಲ ಮೇಲೆ ಹಾಕಿಕೊಳ್ಳಲಿಲ್ಲ. ಅವಳಿಗೆ ಈಗ ಹನ್ನೊಂದು. ಒಂದು ದಿನವೂ ನನ್ನ ಹೆಗಲೇರಿಲ್ಲ. ಚಿಕ್ಕವಳಿದ್ದಾಗ ಬಾಜು ಮನೆಯ ಕೂಸುಗಳು ಅಪ್ಪಂದಿರ ಹೆಗಲ ಮೇಲೆ ಕೂತು ಗಣಪತಿ ನೋಡಲು ಹೋಗುವುದನ್ನು ಕಂಡು ಇವಳು ಕೈ ಚಾಚಿದರೆ, ಮೊಣಕಾಲು ನೋವು ಎನ್ನುತ್ತಿದ್ದೆ. ಹೆಂಡತಿ ತಾನೇ ಎತ್ತಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಅವಳ ಬಾಯಲ್ಲಿ ಯಾವತ್ತೋ ಸಹಜವಾಗಿ ಬಂದಾಗ, ದೇವರಾಣೆ, ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು.

ಅದೇ ಮೊಣಕಾಲಿನ ನೆಪದ ಮೇಲೆ ಆಮೇಲೆ ದಳದಿಂದ ಹೊರಬಿದ್ದೆ. ಪೀರನವಾಡಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದೆವು. ಮೊದಲು ಆಟೋ ನಗರದ ಒಂದು ಗ್ಯಾರೇಜಿನ ಕಾವಲು. ಅಲ್ಲಿ ನೆಲದ ತುಂಬ ಆಯಿಲ್ಲು, ಹೆಜ್ಜೆ ಇನ್ನೂ ಚೆನ್ನಾಗಿ ಕಾಣುತ್ತಿದ್ದವು, ಬಿಟ್ಟೆ. ಆಮೇಲೆ ಈ ಅಪಾರ್ಟ್‌ಮೆಂಟು. ಮತ್ತೆ ಒಂದು ಸಮವಸ್ತ್ರ, ಎದೆಯ ಮೇಲೆ ಮತ್ತೆ ಒಂದು ನಂಬರು. ಬಾಣಲೆಯಿಂದ ಬೆಂಕಿಗೆ ಅನ್ನಲಾರೆ, ಬಾಣಲೆಯಿಂದ ಇನ್ನೊಂದು ಬಾಣಲೆಗೆ. ಪೀರನವಾಡಿ ನಾಕೆಯಿಂದ ಒಂದು ರಸ್ತೆ ಖಾನಾಪುರಕ್ಕೆ ಹೋದರೆ ಇನ್ನೊಂದು ಜಾಂಬೋಟಿಗೆ, ಅಂದರೆ ನಮ್ಮ ವಾಡೆಯ ಕಡೆಗೆ. ದಿನಾ ಆ ನಾಕೆಯಲ್ಲಿ ನಿಂತು, ಎರಡೂ ಬಿಟ್ಟು, ಬೆಳಗಾವಿಯ ಬಸ್ಸು ಹತ್ತುತ್ತಿದ್ದೆ. ಹಬ್ಬಕ್ಕೆ ವಾಡೆಗೆ ಹೋದರೂ ಅಂಗಳ ದಾಟುತ್ತಿರಲಿಲ್ಲ. ದೀಪಾವಳಿಯ ಪಾಡ್ಯದ ದಿನ ಕೊಂಬಿಗೆ ಬಣ್ಣ ಬಳಿದು ಎಮ್ಮೆ ಓಡಿಸುವಾಗ ಅಣ್ಣ ಕೂಗುತ್ತಿದ್ದ, ನಾನು ಒಳಗೆ ಮಲಗಿರುತ್ತಿದ್ದೆ. ಪ್ಯಾಟಿಯಂವ ಆದ ಎಂದು ಮಂದಿ ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟೆ.

ಹೋದ ವರ್ಷ ದಸರಾ ಮುಗಿದ ವಾರ ಅಪ್ಪನ ಫೋನು ಬಂತು. ಅಪ್ಪ ಫೋನು ಮಾಡುವವನೇ ಅಲ್ಲ. ಸಿಗ್ನಲ್ಲಿಗೆ ಗುಡ್ಡ ಹತ್ತಬೇಕು. ಅಣ್ಣ ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿದ್ದ. ತುಂಬಿದ ಬಸುರಿ ಎಮ್ಮೆಯೊಂದು ನಿನ್ನೆಯಿಂದ ಮನೆಗೆ ಬಂದಿಲ್ಲ, ಅದು ಮನೆಗೆ ಹಾಲಿನ ಆಸರೆ, ಕಾಡಿನಲ್ಲಿ ಚಿರತೆ ಬೇರೆ ಓಡಾಡುತ್ತಿದೆ. ಅಪ್ಪನ ಕಣ್ಣಿಗೆ ಪೊರೆ ಬಂದು ಹೆಜ್ಜೆ ಕಾಣುತ್ತಿರಲಿಲ್ಲ. ಬಾ ಎಂದ, ಅಷ್ಟೇ. ರಜೆ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ರಜೆ ಎಂಬ ಮಾತೇ ನನಗೆ ಆಗಿಬರುವುದಿಲ್ಲ. ಹೊರಟೆ.

ವಾಡೆ ಮುಟ್ಟಿದಾಗ ಮುಂಜಾನೆ ಹತ್ತು ಗಂಟೆ. ಮಳೆ ನಿಂತು ಎರಡು ದಿನವಾಗಿತ್ತು, ನೆಲ ಮೆತ್ತಗಿತ್ತು. ಚಪ್ಪಲಿ ಬಿಟ್ಟು ಅಪ್ಪನ ಹಿಂದೆ ನಡೆದೆ. ಗುಡ್ಡದ ಅಂಚಿನಲ್ಲಿ ಅಪ್ಪ ನಿಂತ. ತನ್ನ ದನಿ ಈಗ ದೂರ ಮುಟ್ಟುವುದಿಲ್ಲ, ನೀನು ಒಂದು ಸಲ ಕೂಗು, ಹತ್ತಿರದಲ್ಲಿದ್ದರೆ ಓಗೊಡುತ್ತದೆ ಎಂದ. ನಾನು ಬಾಯಿ ತೆರೆದೆ. ಗಾಳಿ ಬಂತು, ಕೂಗು ಬರಲಿಲ್ಲ. ಗಂಟಲು ಕಟ್ಟಿದೆ ಎಂದೆ. ಅಪ್ಪ ನನ್ನ ಕಡೆ ನೋಡಿದ. ಹಾಗಾದರೆ ಹೆಜ್ಜೆ ನೋಡು ಎಂದ.

ನೋಡಲೇಬೇಕಾಯಿತು. ಏಳು ವರ್ಷ ನಾನು ಬೇಕೆಂದು ಒಂದು ಜಾಡನ್ನೂ ಹಿಡಿದಿರಲಿಲ್ಲ. ಬಗ್ಗಿ ಕೂತ ಕೂಡಲೇ ಎಲ್ಲ ವಾಪಸು ಬಂತು: ಗೊರಸು ಅಗಲಿಸಿ ಊರಿದ್ದು, ಹಿಂಗಾಲು ದೂರ ದೂರ ಇಟ್ಟದ್ದು, ಅಲ್ಲಲ್ಲಿ ನಿಂತು ಸುತ್ತು ತಿರುಗಿದ್ದು. ಹೊಟ್ಟೆನೋವು ಸುರುವಾದ ಎಮ್ಮೆಯ ನಡೆ. ಕೆಲಸ ಸರಾಗವಾಗಿ ಸಾಗಿತು, ಅದೇ ನನಗೆ ಹೆದರಿಕೆ ತಂದದ್ದು. ಎರಡು ತಾಸಿನ ಮೇಲೆ ಹಳ್ಳದ ಆಚೆಯ ಪೊದೆಗಳೊಳಗೆ ಸಿಕ್ಕಿತು. ಆಗಲೇ ಈದಿತ್ತು. ಹೆಣ್ಣು ಕರು, ಮೈ ಇನ್ನೂ ಹಸಿ. ಅಪ್ಪ ನೆಲದ ಮೇಲೆ ಕೂತು ಎಮ್ಮೆಯ ಕೊರಳು ತಬ್ಬಿಕೊಂಡ. ಅವನ ಮುಖ ನೋಡಿ ನನಗೂ ಅಳು ಬಂತು, ಸಂತೋಷದ್ದೇ.

ಹೊತ್ತುಕೋ ಎಂದ ಅಪ್ಪ. ಬೇರೆ ಯಾರಿದ್ದರು ಅಲ್ಲಿ? ಬಗ್ಗಿದೆ, ಅಪ್ಪ ಕರುವನ್ನು ನನ್ನ ಹೆಗಲಿಗೆ ಹಾಕಿದ. ಬಿಸಿ ಮೈ. ಅದರ ಎದೆಬಡಿತ ನನ್ನ ಕುತ್ತಿಗೆಗೆ ತಾಗುತ್ತಿತ್ತು. ಎರಡೂ ಕೈಯಲ್ಲಿ ಕಾಲುಗಳನ್ನು ಬಿಗಿದು ಹಿಡಿದು ಹೊರಟೆ. ತಾಯಿ ನನ್ನ ಬೆನ್ನಿಗೆ, ಅಪ್ಪ ಅದರ ಹಿಂದೆ.

ಹಳ್ಳ ದಾಟಿ ಈಚೆಯ ಕೆಸರು ಹತ್ತಿದ ಮೇಲೆ, ದಾರಿ ತಿರುಗುವಲ್ಲಿ, ನಾನು ಹಿಂದೆ ನೋಡಿದೆ. ನೋಡಬಾರದಿತ್ತು. ಕೆಸರಿನಲ್ಲಿ ನನ್ನ ಹೆಜ್ಜೆ ಸಾಲಾಗಿ ಬಿದ್ದಿದ್ದವು. ಗಿಡ್ಡ ಹೆಜ್ಜೆ. ಆಳಕ್ಕಿಳಿದ ಹಿಮ್ಮಡ. ಹರಡಿದ ಬೆರಳು. ನಾನು ಅಲ್ಲೇ ನಿಂತೆ. ಮುಂದಿನ ಹೆಜ್ಜೆ ಇಡಲಾಗಲಿಲ್ಲ, ಇಟ್ಟರೆ ಅದೂ ಹಾಗೆಯೇ ಬೀಳುತ್ತಿತ್ತು. ಕರುವನ್ನು ಇಳಿಸುವಂತಿಲ್ಲ. ಕೈ ಬಿಡುವಂತಿಲ್ಲ. ಅಪ್ಪ ಹತ್ತಿರ ಬಂದು, ಯಾಕೆ ತಮ್ಮಾ ನಿಂತಿ ಎಂದು ಕೇಳಿದ. ನಾನು ಹೇಳಿಬಿಟ್ಟೆ. ನಿಂತಲ್ಲೇ, ಕರು ಹೊತ್ತುಕೊಂಡೇ, ರಜೆ, ಕೆಸರು, ಬಿದಿರು ಮೆಳೆ, ಫೋಟೋ, ಕೂಗಿಗೆ ಬಂದ ಆ ಎಮ್ಮೆ, ಎಲ್ಲ ಹೇಳಿದೆ. ಕೊನೆಗೆ ರೂಢಿಯ ಬಲದಿಂದ ಅದೇ ಮಾತು ಬಂತು: ಏನು ಭಾರ ಅಂತ ಗೊತ್ತಾಗಲಿಲ್ಲ.

ಅಪ್ಪ ಮೊಣಕಾಲೂರಿ ಕೂತು ಕೈಯಿಂದ ಕೆಸರು ತಡವಿದ. ಕಣ್ಣು ಕಾಣದವನು ಬೆರಳಿನಿಂದ ನನ್ನ ಹೆಜ್ಜೆಯ ಅಂಚು ಮುಟ್ಟಿದ, ಆಮೇಲೆ ಆ ಹೆಜ್ಜೆಯ ಮೇಲೆಯೇ ಅರ್ಧ ಬಿದ್ದಿದ್ದ ಗೊರಸಿನ ಗುರುತು ಮುಟ್ಟಿದ. ಕರು ಹೊತ್ತವನ ಬೆನ್ನಿಗೆ ತಾಯಿ ಅಂಟಿಕೊಂಡು ಬರುತ್ತದೆ. ಅದರ ಗೊರಸು ಅವನ ಹೆಜ್ಜೆಯ ಮೇಲೆ ಬೀಳದೆ ಇರುವುದಿಲ್ಲ. ವಾಡೆಯ ಐದು ವರ್ಷದ ಕೂಸಿಗೂ ಇದು ಗೊತ್ತು.

"ಗೊರಸು ಬಿದ್ದಿರಲಿಲ್ಲೇನು ತಮ್ಮಾ, ಅವನ ಹೆಜ್ಜಿ ಮ್ಯಾಲ?"

"ಬಿದ್ದಿತ್ತು."

"ನಿನಗ ಕಂಡಿತ್ತೇನು?"

ಕರುವಿನ ಎದೆ ನನ್ನ ಕುತ್ತಿಗೆಗೆ ಬಡಿಯುತ್ತಿತ್ತು. "ಕಂಡಿತ್ತಪ್ಪಾ," ಎಂದೆ. "ಕರಾ ಹೊತ್ತಾನಂತ ಗೊತ್ತಿತ್ತು."

ಗೊತ್ತಿತ್ತು. ಸಾಹೇಬರು ಕೇಳುವ ಮೊದಲೇ ಗೊತ್ತಿತ್ತು. ಭಾರ ಇದೆ ಎಂದಾಗ ಅವರ ಕಣ್ಣು ಮಿನುಗಿದ್ದು ಕಂಡೆ, ಉಳಿದ ಅರ್ಧ ಮಾತನ್ನು ನುಂಗಿದೆ. ಹಿಡಿದು ತಂದು ವಿಚಾರಿಸಿ ಬಿಡುತ್ತಾರೆ, ಅಷ್ಟರೊಳಗೆ ನನ್ನ ರಜೆಯಾಗುತ್ತದೆ ಎಂದುಕೊಂಡೆ. ಇಳಿಸು ಎಂದು ಕೂಗಿದಾಗ ಅವನು ಯಾಕೆ ಇಳಿಸುತ್ತಿಲ್ಲ ಎಂಬುದು ನಮ್ಮ ತುಕಡಿಯ ಇಪ್ಪತ್ತು ಮಂದಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಆಗಲಾದರೂ ಕೂಗಿ ಹೇಳಬಹುದಿತ್ತು. ಬಿಸ್ಕೀಟಿಗೆ ಬಾಲ ಅಲ್ಲಾಡಿಸುವುದನ್ನು ಕಲಿತ ಬಾಯಿ ತೆರೆಯಲಿಲ್ಲ.

ಅಪ್ಪ ಮೊಣಕಾಲಿಗೆ ಕೈ ಕೊಟ್ಟು ಮೆಲ್ಲಗೆ ಎದ್ದ. ಕೈಗೆ ಹತ್ತಿದ ಕೆಸರನ್ನು ಧೋತರಕ್ಕೆ ಒರೆಸಿಕೊಂಡ. ನನ್ನ ಎದುರಿಗೆ ಬಂದು ಬೆನ್ನು ಬಗ್ಗಿಸಿ ನಿಂತ.

"ಕರಾ ಇತ್ತ ಕೊಡು," ಎಂದ.

ನಾನು ದಣಿದಿಲ್ಲ ಅಪ್ಪಾ ಎಂದೆ. ದಣಿದಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಅವನು ಬಗ್ಗಿಯೇ ನಿಂತಿದ್ದ. ಎಪ್ಪತ್ತು ದಾಟಿದವನ ಹೆಗಲಿಗೆ ಕರುವನ್ನು ದಾಟಿಸಿದೆ. ಒಂದು ಕ್ಷಣ ತೂರಾಡಿ, ಕಾಲು ಊರಿ, ನಡೆಯತೊಡಗಿದ. ತಾಯಿ ಅವನ ಬೆನ್ನು ಹತ್ತಿತು. ನಾನು ಕೊನೆಯಲ್ಲಿ, ಖಾಲಿ ಕೈಯಲ್ಲಿ, ಅವರಿಬ್ಬರ ಹೆಜ್ಜೆ ತುಳಿಯದ ಹಾಗೆ ದಾರಿಯ ಬದಿಯ ಹುಲ್ಲಿನ ಮೇಲೆ ನಡೆದೆ. ದಾರಿಯುದ್ದಕ್ಕೂ ಅಪ್ಪ ಎರಡು ಕಡೆ ಮರಕ್ಕೆ ಒರಗಿ ನಿಂತ. ಎರಡೂ ಸಲ ನಾನು ಹತ್ತಿರ ಹೋದೆ. ಎರಡೂ ಸಲ ಅವನು ನನ್ನ ಕಡೆ ತಿರುಗದೆ ಮುಂದೆ ನಡೆದ.

ಹೊಸ್ತಿಲಲ್ಲಿ ಅವ್ವ ಚೆಂಬು ಹಿಡಿದು ನಿಂತಿದ್ದಳು. ಅಪ್ಪನ ಹೆಗಲ ಮೇಲೆ ಕರು ಕಂಡದ್ದೇ ನನ್ನ ಮೇಲೆ ಹರಿಹಾಯ್ದಳು: ಪೈಲವಾನನ ಹಾಗೆ ಬೆಳೆದಿದ್ದೀಯ, ಕಣ್ಣು ಕಾಣದ ಮುದುಕನ ಹೆಗಲಿಗೆ ಹಾಕಿ ಕೈ ಬೀಸಿಕೊಂಡು ಬರಲು ನಾಚಿಕೆಯಾಗಲಿಲ್ಲವೇ? ನಾನು ಅಂಗಳದಲ್ಲಿ ನಿಂತೆ. ಈಗ ಅಪ್ಪ ಹೇಳುತ್ತಾನೆ, ಹೇಳಿಬಿಡಲಿ, ಎಲ್ಲ ಮುಗಿದು ಹೋಗಲಿ ಎಂದು ಕಾದೆ. ಅಪ್ಪ ಕರುವನ್ನು ಇಳಿಸಿದ, ಉಸಿರು ತೆಗೆದುಕೊಂಡ.

"ಬೈಬ್ಯಾಡ ಅವಂಗ. ಅವನ ಮೊಣಕಾಲು ನೋಯತಾವ," ಎಂದ.

ಅವ್ವ ಅಪ್ಪನ ಕಾಲಿಗೆ ನೀರು ಹಾಕಿದಳು. ಮೊಣಕಾಲು ನೋವೆಂಬ ಮಾತು ಕೇಳಿ ಅವಳ ಸಿಟ್ಟು ಇಳಿದಿತ್ತು. ಚೆಂಬಿನಲ್ಲಿ ಉಳಿದ ನೀರು ಹಿಡಿದು, ಬಾ ನೀನೂ ನಡೆದು ಬಂದಿದ್ದೀಯಲ್ಲ, ಕಾಲು ಕೊಡು ಎಂದು ನನ್ನ ಕಡೆ ತಿರುಗಿದಳು. ನಾನು ಹೊಸ್ತಿಲ ಹತ್ತಿರ ಹೋಗಲಿಲ್ಲ. ಹಳ್ಳಕ್ಕೆ ಇಳಿದು ನನ್ನ ಕಾಲು ನಾನೇ ತೊಳೆದುಕೊಂಡೆ.